ಇಪ್ಪತ್ತೇಳು ಕುರಿ

ಕಿಟಕಿಯಿರುವ ಲಕೋಟೆ,
ಕಿಟಕಿಯೊಳಗೆ ನನ್ನ ಹೆಸರು: ಸೊಲ್ವೈ ಬುಂಡ್‌ಗೋರ್.
ತೆರಿಗೆ ಕಚೇರಿಯವರು ಬರೆದಿದ್ದಾರೆ,
ಮೂರು ವರ್ಷದಿಂದ ಲಾಭ ಕಾಣದ ಕಾರಣ
ಲಿಮ್‌ಫ್ಯೋರ್ಡಿನ ದಂಡೆಯ ಹನ್ನೊಂದು ಹೆಕ್ಟೇರಿನಲ್ಲಿ
ತಾವು ನಡೆಸುತ್ತಿರುವುದನ್ನು
ಹವ್ಯಾಸವೆಂದು ಪರಿಗಣಿಸಲಾಗಿದೆ.

ಹವ್ಯಾಸ.
ಅಂಚೆಚೀಟಿ ಕೂಡಿಸಿಟ್ಟ ಹಾಗೆ.
ಬಾಟಲಿಯೊಳಗೆ ಹಡಗು ಕಟ್ಟಿದ ಹಾಗೆ.
ನಾನದನ್ನು ಓದಿದ್ದು ನಿಂತುಕೊಂಡೇ, ಎಡಗೈಯಲ್ಲಿ ಹಿಡಿದು;
ಬಲಗೈ ಆಗಷ್ಟೇ, ಮೊಣಕೈವರೆಗೂ ತೊಯ್ದು,
ಈಯಲಾರದ ಕುರಿಯೊಂದರ ಒಳಗಿಂದ
ಎರಡು ಗೊರಸು ಹುಡುಕಿ ಹೊರಬಂದಿತ್ತು.

ಎರಡರಿಂದ ಹತ್ತೂವರೆಯ ತನಕ ನಾನು ರೆಕ್ಕೆ ಉಜ್ಜುತ್ತೇನೆ.
ಹಕ್ಕಿಯದಲ್ಲ, ಗಾಳಿಯಂತ್ರದ್ದು.
ಬುಡದಿಂದ ತುದಿಗೆ ನಡೆದರೆ ಒಂದು ಸಿಗರೇಟಿನ ದೂರ
ಎನ್ನುತ್ತಾರೆ ಹಳಬರು,
ಸೇದುವುದು ನಿಂತು ಎಷ್ಟೋ ವರ್ಷವಾಗಿದ್ದರೂ.
ಗಾಜುನಾರಿನ ಧೂಳು ಕತ್ತುಪಟ್ಟಿಯೊಳಗೆ ಇಳಿದು ತುರಿಸುತ್ತದೆ.
ಒಣಹುಲ್ಲಿನ ಧೂಳೂ ತುರಿಸುತ್ತದೆ.
ಯಾವ ತುರಿಕೆ ಕಸುಬು, ಯಾವುದು ಹವ್ಯಾಸ
ಎಂದು ನನ್ನ ಚರ್ಮಕ್ಕೆ ಯಾರೂ ಕಾಗದ ಬರೆದಿಲ್ಲ.
ಕೆಸರು ಇಲ್ಲಿಯದು. ಮೊಸರು ಅಲ್ಲಿಂದ.
ಕೈ ಬಾಯಿ ಎರಡೂ ನನ್ನವೇ.

ಅಜ್ಜ ಚಳಿಗಾಲ ಹೆರಿಂಗ್ ಹಿಡಿದ,
ಮಂಜು ಕರಗಿದರೆ ಜೌಗಿನಲ್ಲಿ ಉರುವಲು ಮಣ್ಣು ಅಗೆದ,
ಬೇಸಿಗೆ ಬಂದರೆ ರೈ ಕೊಯ್ದ.
ಹವ್ಯಾಸ ಯಾವುದಪ್ಪ ನಿನ್ನದು ಎಂದು ಕೇಳಿದ್ದರೆ
ಗೋಡೆಯ ಮೇಲಿನ ಅಕಾರ್ಡಿಯನ್ ತೋರಿಸುತ್ತಿದ್ದ.

ಪಕ್ಕದ ಐನರ್ ನಕ್ಕಿದ್ದ.
ಅವನದು ನಾನೂರ ಮೂವತ್ತು ಹಸು,
ಕರೆಯಲು ರೋಬಾಟು, ಸಗಣಿ ಬಾಚಲೂ ರೋಬಾಟು.
"ನಿನ್ನ ಕುರಿಗಳಿಗೆ ಹೆಸರಿಟ್ಟಿದ್ದೀಯಂತೆ ಸೊಲ್ವೈ?
ಹೆಸರಿಟ್ಟರೆ ಹವ್ಯಾಸ, ನಂಬರಿಟ್ಟರೆ ಬೇಸಾಯ."
ಮಾತು ಚೆನ್ನಾಗಿತ್ತು.
ಉರಿದುಹೋದರೂ ಊರೆಲ್ಲ ನಾನೇ ಹೇಳಿಕೊಂಡು ತಿರುಗಿದೆ.
ಅವನ ಹೆಂಡತಿ ಇಪ್ಪತ್ತೆರಡು ವರ್ಷದಿಂದ
ಪೇಟೆಯ ದಂತವೈದ್ಯರಲ್ಲಿ ಊರವರ ಹಲ್ಲು ತಿಕ್ಕಿ ತಂದ ಸಂಬಳ
ಆ ಹಸುಗಳ ಬಾಯಿಗೇ ಹೋಗುತ್ತದೆ ಎಂಬುದನ್ನು ಮಾತ್ರ
ಹೇಳಲಿಲ್ಲ. ಅವಳೂ ಹೇಳಿಕೊಂಡವಳಲ್ಲ.
ಫಾರ್ಮು ತುಂಬುವವಳು ಅವಳೇ:
ಗಂಡನ ಉದ್ಯೋಗ, ರೈತ.
ತನ್ನದು, ಸಹಾಯಕಿ.

ನವೆಂಬರಿನಲ್ಲಿ ಲಾರಿಗಳು ಬಂದವು.
ಎರಡು ಹಗಲು ಒಂದು ರಾತ್ರಿ, ಹಲಗೆಯ ಮೇಲೆ ಗೊರಸಿನ ಸದ್ದು.
ಕಿಟಕಿಯ ಪರದೆ ಎಳೆದುಕೊಂಡೆ,
ನೋಡಬಾರದ್ದೇನೋ ನಡೆಯುತ್ತಿದೆ ಎಂಬಂತೆ.

ಜನವರಿಯ ಮೊದಲ ಸೋಮವಾರ
ಕಾರ್ಖಾನೆಯ ಬಟ್ಟೆಕೋಣೆಯಲ್ಲಿ ಯಾರೋ ಹೊಸಬ
ಮುಖವಾಡದ ಪಟ್ಟಿ ಬಿಗಿಯಲು ಬಾರದೆ ಒದ್ದಾಡುತ್ತಿದ್ದ.
ಬೆನ್ನು ನೋಡಿಯೇ ತಿಳಿಯಿತು.
ಮಣಿಕಟ್ಟಿಗೆ ಟೇಪು ಸುತ್ತುವುದು ತೋರಿಸಿಕೊಟ್ಟೆ,
ಸುತ್ತದಿದ್ದರೆ ಧೂಳು ಹೊಕ್ಕೀತು.
ಅವನೂ ಮಾತಾಡಲಿಲ್ಲ, ನಾನೂ.

ಆರೂವರೆಯ ಬಿಡುವಿನಲ್ಲಿ ರೈ ರೊಟ್ಟಿ ಬಿಚ್ಚುತ್ತ
ತಟ್ಟೆಗೆ ಹೇಳುವವನಂತೆ ಹೇಳಿದ:
"ಒಂಬತ್ತು ಉಳಿಸಿಕೊಂಡೆ."
"ಹೆಸರು?" ಎಂದೆ.
ಕೇಳಬಾರದಿತ್ತು. ಕೇಳಿಬಿಟ್ಟೆ.
ತುಂಬಾ ಹೊತ್ತು ಅಗಿದ.
ಆಮೇಲೆ, "ಒಂದು ಕೈ ನೆಕ್ಕುತ್ತೆ.
ಅದಕ್ಕೆ ಇನ್ನೂ ಯೋಚಿಸ್ತಿದ್ದೇನೆ."

ಹನ್ನೊಂದಕ್ಕೆ ಮನೆ.
ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತವೆ.
ಅದರಲ್ಲೊಂದು ರೆಕ್ಕೆ ನಾನು ಉಜ್ಜಿದ್ದಿರಬೇಕು.
ಟಾರ್ಚಿಗೆ ಕಣ್ಣುಗಳು ಹೊಳೆದವು, ಎಣಿಸಿದೆ,
ಇಪ್ಪತ್ತಾರು. ಮತ್ತೆ ಎಣಿಸಿದೆ.
ಒಂದು ನನ್ನ ಬೆನ್ನ ಹಿಂದೆಯೇ ನಿಂತಿತ್ತು.

ಒಂದು ಮಾತನ್ನು ಕಚೇರಿಗೆ ಬರೆದಿಲ್ಲ:
ಆ ಕ್ಷಣ ಸುಖವೂ ಇತ್ತು.
ಫಾರ್ಮಿನಲ್ಲಿ ಅದಕ್ಕೊಂದು ಕಲಮು ಇದ್ದಿದ್ದರೆ
ಸುಳ್ಳು ಹೇಳದೆ ಗುರುತು ಹಾಕುತ್ತಿದ್ದೆ.
ಕಾಗದ ಕೊಟ್ಟಿಗೆಯಲ್ಲೇ ಇದೆ,
ಅಯೋಡಿನ್ ಬಾಟಲಿಯ ಕೆಳಗೆ,
ಹವ್ಯಾಸ ಎಂಬಲ್ಲಿ ದುಂಡಗೆ ಒಂದು ಕಂದು ಕಲೆ.
ಉತ್ತರಕ್ಕೆ ಇನ್ನೂ ಹತ್ತು ದಿನ ಗಡುವಿದೆ.
ಅಷ್ಟರಲ್ಲಿ ಇನ್ನೂ ನಾಲ್ಕು ಈಯಬೇಕು.