ಇಪ್ಪತ್ತು ನಿಮಿಷದ ಹೆಬ್ಬೆರಳು

ಹಾಜರಿ ಯಂತ್ರಕ್ಕೆ ನನ್ನ ಹೆಬ್ಬೆರಳಿನ ಗುರುತಿಲ್ಲ.
ರೇಷನ್ ಅಂಗಡಿಯ ಪೆಟ್ಟಿಗೆಗೂ ಇಲ್ಲ.
ಒರೆಸಿ, ಊದಿ, ಮತ್ತೆ ಇಟ್ಟರೂ ಅದೇ ಕೆಂಪು ದೀಪ.
ಹತ್ತೊಂಬತ್ತು ವರ್ಷದ ಸ್ಪಿರಿಟ್ಟು, ಹತ್ತಿ, ಪರರ ತೊಡೆಸಂದು;
ಗೆರೆಗಳೆಲ್ಲ ಅಲ್ಲಲ್ಲೇ ಉಳಿದುಹೋದವು.

ತುಮಕೂರಿನ ಆಸ್ಪತ್ರೆಯಲ್ಲಿ ನಾನು ಒತ್ತುವವನು.
ಗಂಗಹನುಮಯ್ಯ ಅಂದರೆ ಯಾರಿಗೂ ತಿಳಿಯದು,
‘ಒತ್ತೋ ಗಂಗಣ್ಣ’ ಅಂದರೆ ಲಿಫ್ಟಿನವನೂ ದಾರಿ ತೋರಿಸುತ್ತಾನೆ.
ಹೃದಯದ ತನಕ ಹೋಗಿಬಂದ ಕೊಳವೆ
ತೊಡೆಯ ಧಮನಿಯಿಂದ ಹೊರಗೆ ಬಂದ ಗಳಿಗೆಯಿಂದ
ಇಪ್ಪತ್ತು ನಿಮಿಷ ಆ ತೂತು ನನ್ನದು.

ಇಪ್ಪತ್ತು ನಿಮಿಷ ಮುಖಕ್ಕೆ ಮುಖ.
ಜನ ಏನಾದರೂ ಹೇಳಲೇಬೇಕು.
ಕುಣಿಗಲ್ಲಿನ ಲಾರಿ ಡ್ರೈವರು ತನಗಿದ್ದ ಇನ್ನೊಂದು ಮನೆಯ ವಿಳಾಸ ಹೇಳಿದ.
ಗುಬ್ಬಿಯ ಟೀಚರಮ್ಮ ಉದ್ದಕ್ಕೂ ಮಗ್ಗಿ ಒಪ್ಪಿಸಿ
ಹದಿನೇಳರಲ್ಲಿ ತಪ್ಪಿ ನಕ್ಕರು.
ನಗಬೇಡಿ ತಾಯಿ, ಚಿಮ್ಮುತ್ತದೆ, ಅಂದೆ.
ಕಿವಿ ಅವರ ಮಾತು ಕೇಳುತ್ತಿತ್ತು,
ಬೆರಳು ಬೇರೆ ಏನನ್ನೋ.

ನಾನು ರಜೆ ಹಾಕಿದ ಒಂದೇ ರಾತ್ರಿ,
ಹೊಸ ಹುಡುಗ ಒಂದು ಕೈಯಲ್ಲಿ ಒತ್ತಿ ಇನ್ನೊಂದರಲ್ಲಿ ಫೋನು ನೋಡಿದ.
ಮುದುಕಿಯ ಬೆನ್ನಡಿಯ ಚಾದರ ನೆನೆದು ಭಾರವಾಗುವ ತನಕ
ಯಾರಿಗೂ ಗೊತ್ತಾಗಲಿಲ್ಲ.
ಉಳಿದಳು.
ಡಾಕ್ಟರ್ ಸುಗುಣಾದೇವಿ ಮಾತ್ರ ಮನೆಗೆ ಹೋಗಲಿಲ್ಲ.

ಬೆಳಗ್ಗೆ ಅವರ ಮೇಜಿನ ಮೇಲೆ ತರಕಾರಿ ತೂಗುವ ತಕ್ಕಡಿ.
‘ಒತ್ತು ಗಂಗಣ್ಣ, ಎಷ್ಟು ಒತ್ತುತ್ತೀಯ ನೋಡೋಣ.’
ಒತ್ತಿದೆ. ಪ್ರತಿ ಸಲವೂ ಬೇರೆ ಲೆಕ್ಕ.
‘ಎಷ್ಟು ಅಂತ ಹೇಳು ಮಾರಾಯ.’
‘ಒಸರು ನಿಲ್ಲುವಷ್ಟು.’
‘ಅಂದರೆ?’
‘ಹರಿವು ನಿಲ್ಲದಷ್ಟು.’
ಪೆನ್ನು ಕೆಳಗಿಟ್ಟು ನನ್ನ ಬೆರಳನ್ನೇ ನೋಡಿದರು,
ಎಕ್ಸ್‌ರೇ ನೋಡುವ ಹಾಗೆ.

ಆಮೇಲೆ ಎರಡು ವರ್ಷ ಅವರ ಕೋಣೆಯಲ್ಲಿ
ಸೈಕಲ್ ಟ್ಯೂಬಿನ ತುಂಡು, ಬಡಗಿಯ ಹಿಡಿಕೆ, ಚಕ್ಕುಲಿ ಒರಳಿನ ತಿರುಪು.
(ಗೋಕುಲಾಷ್ಟಮಿಗೆ ಅತ್ತೆ ಮನೆಯೆಲ್ಲ ಹುಡುಕಿದರಂತೆ.)
ರಬ್ಬರು ಪೈಪಿನಲ್ಲಿ ಬೀಟ್‌ರೂಟ್ ನೀರು ಬಿಟ್ಟು
ಸೂಜಿ ಚುಚ್ಚಿ ಪಟ್ಟಿ ಬಿಗಿಯುವರು;
ಕೋಟಿನ ಮೇಲೆ, ಕ್ಯಾಲೆಂಡರಿನ ಮೇಲೆ, ಫ್ಯಾನಿನ ರೆಕ್ಕೆಗೂ ಕೆಂಪು.
ಮೊದಲನೆಯದು ಒಸರನ್ನೂ ನಿಲ್ಲಿಸಿತು, ಕೈಯನ್ನೂ ನೀಲಿ ಮಾಡಿತು.
ತಮ್ಮದೇ ಕೈ. ಅನ್ನ ಕಲಸಲಾಗದೆ ಒಂದು ದಿನ ಚಮಚ ಹಿಡಿದರು.

ಅಷ್ಟರಲ್ಲಿ ಕೊಳವೆ ತೊಡೆ ಬಿಟ್ಟು ಮಣಿಕಟ್ಟಿನ ದಾರಿ ಹಿಡಿದಿತ್ತು.
ಹಾಗೆ ಮಲಗಿದ್ದವರು ಖುದ್ದೂಸ್ ಸಾಹೇಬರು,
ಮುಚ್ಚಿಹೋದ ಗಡಿಯಾರ ಕಾರ್ಖಾನೆಯ ಹಳೇ ಕೆಲಸಗಾರ.
ತಮ್ಮ ಕೈಗೆ ಕಟ್ಟಿದ್ದನ್ನು ಆಚೀಚೆ ತಿರುಗಿಸಿ ನೋಡಿ
‘ಡಾಕ್ಟ್ರಮ್ಮಾ, ಇದಕ್ಕೆ ಹಲ್ಲು ಬೇಕು’ ಅಂದರು.
ವಾರದ ಮೇಲೆ ಒಂಟಿಗಣ್ಣಿನ ಭೂತಗನ್ನಡಿ,
ಚಿಮಟ, ಉಗುರಿಗಿಂತ ಚಿಕ್ಕ ಚಕ್ರ ತಂದು ಕೂತರು.
ಕೀಲಿ ಕೊಡುವಾಗ ಹಿಂದಕ್ಕೆ ಜಾರಗೊಡದ ಕೊಂಡಿ;
ಅದನ್ನೇ ತಿರುವುಮುರುವು ಮಾಡಿ,
ಕಾಲುಗಂಟೆಗೊಮ್ಮೆ ಒಂದು ಹಲ್ಲು ಸಡಿಲ.
ಟಿಕ್.
ಸಾಹೇಬರು ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿಸಿಕೊಂಡರು.

ಈಗ ರೋಗಿಗಳು ಎದ್ದು ಕೂತು ಇಡ್ಲಿ ತಿನ್ನುತ್ತಾರೆ.
ನಾನು ಮಂಚದಿಂದ ಮಂಚಕ್ಕೆ
ಆ ಪಟ್ಟಿಯ ಕಿಟಕಿಯಲ್ಲಿ ಇಣುಕುತ್ತೇನೆ.
ಒಳ್ಳೆಯದೇ. ಬೆನ್ನುನೋವು ಹೋಯಿತು.
ಹದಿನೇಳರ ಮಗ್ಗಿ ಮಾತ್ರ ಯಾರೂ ಒಪ್ಪಿಸುವುದಿಲ್ಲ.

ಮೊನ್ನೆ ಡಾಕ್ಟರು ಪೇಟೆಂಟಿನ ಕಾಗದ ತಂದರು.
ಅವರ ಹೆಸರು, ಸಾಹೇಬರ ಹೆಸರು, ಕೆಳಗೆ ನನ್ನದು.
ನಾನು ಇಂಕ್ ಪ್ಯಾಡು ಕೇಳಿದೆ.
‘ಎಸ್ಸೆಸ್ಸೆಲ್ಸಿ ಪಾಸಾದವನು ಹೆಬ್ಬೆಟ್ಟು ಒತ್ತುವುದೇನೋ?’
‘ಸಹಿಯೂ ಹಾಕುತ್ತೇನೆ ಮೇಡಂ. ಮೊದಲು ಇದು.’

ಒತ್ತಿದೆ.
ಸ್ವಲ್ಪ ಹೊತ್ತಾಗಿರಬೇಕು.
‘ತೆಗಿ ಗಂಗಣ್ಣ,’ ಅಂದರು ಮೆಲ್ಲಗೆ,
‘ಕಾಗದಕ್ಕೆ ರಕ್ತ ಇಲ್ಲ.’