ಬೂಷ್ಟು

ಆಡುಮ್‌ನ ಹಳೆ ಸಾಮಾನಿನಂಗಡಿಯಲ್ಲಿ
ಬೊಆಟೆಂಗ್ ಎರಡು ಲೆನ್ಸ್ ಇಟ್ಟ ನನ್ನೆದುರು:
ಒಂದು, ಗುಡ್ಡದಾಚೆಯ ಹದ್ದಿನ ರೆಪ್ಪೆ ಎಣಿಸುವಂಥದ್ದು;
ಇನ್ನೊಂದು ಗಿಡ್ಡ, ಒಳಗಾಜಿನಂಚಿಗೆ ಬೂಷ್ಟು.
ಕೈಲಿದ್ದ ದುಡ್ಡು ಗಿಡ್ಡದ್ದನ್ನೇ ಆರಿಸಿತು.

ಮೂರು ವಾರ ಫೋನು ತುಟಿ ಪಿಟಕ್ಕೆನ್ನಲಿಲ್ಲ.
ನಾಲ್ಕನೆಯ ಶನಿವಾರ ಒಂದು ಸಾವು.
ಕುಮಾಸಿಯಲ್ಲಿ ಸಾವೆಂದರೆ ಕೇರಿಗೆ ಕೇರಿಯೇ
ಕೆಂಪು ಕಪ್ಪು ಉಟ್ಟು ಬರುತ್ತದೆ, ಫೋಟೊ ಕೇಳುತ್ತದೆ.
ಗಿಡ್ಡ ಲೆನ್ಸು; ಬೆವರು ತಾಕುವಷ್ಟು ಹತ್ತಿರ ಹೋದೆ.

ಪ್ರತಿ ಚಿತ್ರದ ಎಡಮೂಲೆಗೂ
ಅದೇ ಬೂಷ್ಟು, ಹೊಗೆಯ ಹಾಗೆ.
ಕ್ಷಮೆ ಕೇಳಲು ಬಾಯಿ ತೆರೆದಿದ್ದೆ,
ಅಷ್ಟರಲ್ಲಿ ಗಂಡನ ಕಳಕೊಂಡ ಸೆರ್ವಾ
ಅಲ್ಲೇ ಬೆರಳಿಟ್ಟು,
"ನೋಡು, ಇವರು ಬಂದಿದ್ದಾರೆ" ಎಂದಳು.
"ಹನ್ನೆರಡು ಪ್ರತಿ ತೆಗೆ."

ಒಳ್ಳೆ ಲೆನ್ಸಿಗಾಗುವಷ್ಟು ಸೆಡಿ ಈಗ ಜೇಬಿನಲ್ಲಿದೆ.
ಬೊಆಟೆಂಗನ ಅಂಗಡಿ ಮುಂದೆ
ಎರಡು ಸಲ ಹಾದುಹೋದೆ.