ಕಿವಿಗುರುತು

ಅಪ್ಪ ದನದ ಕಿವಿಯಲ್ಲಿ ಬರೆಯುತ್ತಿದ್ದ.
ಎಡಕ್ಕೆ ಎರಡು ಕಚ್ಚು, ಬಲತುದಿಗೆ ಒಂದು ಸೀಳು,
ಮೇಲೆ ಚಿಟಿಕೆ ಬೂದಿ, ಮುಗಿಯಿತು.
ಮೂರು ಗುಡ್ಡದಾಚೆ ಯಾರ ದೊಡ್ಡಿಯಲ್ಲಿ ಸಿಕ್ಕರೂ
ಕಿವಿಯೇ ಬಾಯಿಬಿಡುತ್ತಿತ್ತು:
ನಾನು ಲೊಕೆರಿಸನ ಹಸು.

ಟೊರೊರೊದ ಈ ಪ್ರಯೋಗಾಲಯದಲ್ಲಿ
ನನ್ನದೂ ಅದೇ ಕಸುಬು, ಕತ್ತಿಯೊಂದಿಲ್ಲ.
ಕಿವಿಯಿಲ್ಲದ, ಕೊಂಬಿಲ್ಲದ, ಬರೀ ಬಾಲದ ಜೀವಗಳ
ಒಳಗಿನ ಎಳೆಯಲ್ಲಿ,
ಅವಕ್ಕೆ ನೋಯದ, ಯಾವುದಕ್ಕೂ ಬೇಡದ ಜಾಗ ಹುಡುಕಿ
ಒಂದೊಂದಕ್ಕೆ ಒಂದೊಂದು ಸಾಲು ಹೊಲಿಯುತ್ತೇನೆ.
ಒಂದು ಎರಡಾದರೆ ಸಾಲೂ ಎರಡು.
ಮರಿಮೊಮ್ಮಗಳ ಮೈಯಲ್ಲೂ
ಮುತ್ತಜ್ಜಿಯ ಅದೇ ಕಚ್ಚು.

ಆರುನೂರ ಹನ್ನೆರಡು ಗುರುತು ಎಣಿಸಿ
ಒಂದು ಇಲಿಯೊಳಗೆ ಬಿಟ್ಟೆವು.
ಐದನೆಯ ದಿನ ಗಾಜಿನ ಮೇಲಿನ ಹನಿ
ಸಂತೆ ಬಿಟ್ಟ ಹೊತ್ತಿನಂತೆ, ನೂಕುನುಗ್ಗಲು.
ಹನ್ನೊಂದನೆಯ ದಿನ
ಒಂದೂ ಇಲ್ಲ.

ಓಬೊತ್ ಪುಸ್ತಕದಲ್ಲಿ ಸೊನ್ನೆ ಬರೆದ.
ನಾನು ಸಹಿ ಹಾಕಲಿಲ್ಲ.
ಬಯಲು ಖಾಲಿ ಕಂಡರೆ
ಮಂದೆ ನೆರಳಿಗೆ ಸರಿದಿದೆ ಎನ್ನುವವರು
ನಮ್ಮ ಕಡೆಯವರು.

ತೊಗಲಿನಡಿಯ ಕೊಬ್ಬು ಅರೆದು ಓದಿಸಿದೆವು.
ಇನ್ನೂರ ನಾಲ್ಕು ಗುರುತು ಅಲ್ಲಿದ್ದವು,
ಸದ್ದಿಲ್ಲದೆ, ಮೆಲುಕು ಹಾಕುತ್ತ.

ಆ ಇಲಿ ಬದುಕಿದ್ದಾಗಲೇ
ಅದರ ಹೊಟ್ಟೆ ಬೋಳಿಸಿ ತ್ಸೆತ್ಸೆ ನೊಣಗಳಿಗೆ ಉಣಿಸಿದ್ದೆವು.
ತಿಂಗಳು ಕಳೆದು
ಒಂದು ನೊಣದ ಎಂಜಲಲ್ಲಿ ಉಳಿದದ್ದು
ಮೂರೇ ಮೂರು.
ಇನ್ನೊಂದು ನೊಣ ನೋಡಿದೆವು: ಬೇರೆ ಮೂರು.
ಮತ್ತೊಂದು: ಬೇರೆ ಎರಡು.
ಹಾಗಾದರೆ ಗಟ್ಟಿಯದು ಗೆದ್ದಿತೆಂದಲ್ಲ.
ದಾರಿ ಇಕ್ಕಟ್ಟು,
ಹತ್ತಿರವಿದ್ದದ್ದು ತೂರಿಕೊಂಡಿತು, ಅಷ್ಟೆ.

ನನಗೆ ಏಳು ವರ್ಷವಿದ್ದಾಗ
ನೀರು ಹುಡುಕುತ್ತ ನೊಣದ ಕಾಡು ದಾಟಿಸಿದ ಅಪ್ಪ
ನಲವತ್ತೊಂದನ್ನು ಹೊಡೆದುಕೊಂಡು ಹೋಗಿ
ಎರಡರೊಂದಿಗೆ ಬಂದ.
ತಿಂದದ್ದು ಇವುಗಳ ದಾಯಾದಿಗಳೇ.
ಉಳಿದೆರಡರ ತಳಿಯೇ ಉಕ್ಕಿನದೆಂದು
ಊರೆಲ್ಲ ಹೇಳಿಕೊಂಡು ತಿರುಗಿದ.
ಸಂಜೆ ಮಾತ್ರ, ದೊಡ್ಡಿಯ ಬಾಯಲ್ಲಿ ನಿಂತು
ಮೂವತ್ತೊಂಬತ್ತರ ಹೆಸರನ್ನೂ ಕೂಗುತ್ತಿದ್ದ.
ತಳಿಯ ಮಾತು ಸುಳ್ಳಿರಬಹುದೆಂದು
ಈಗ ಹೇಳುವುದು ಹೇಗೆ?
ಆ ಎರಡು, ಆ ದಿನ,
ಹೊಗೆಯ ಪಕ್ಕ ನಿಂತಿದ್ದವು ಅಷ್ಟೇ ಇರಬಹುದು.

ನಿನ್ನೆ ಫೋನಿನಲ್ಲಿ ಅಂದೆ:
ಆರುನೂರರಲ್ಲಿ ಮೂರು ಬಂದವು, ಅಪ್ಪಾ.
ಆ ಕಡೆ ಗಾಳಿ, ಒಂದು ಕೆಮ್ಮು, ಕರುವಿನ ಕೂಗು.
ಆಮೇಲೆ ಕೇಳಿದ:
ಯಾವ ಬಣ್ಣದವು?

ಬಣ್ಣವಿಲ್ಲ ಅನ್ನಲು ಹೊರಟವಳು
ಪರದೆಯತ್ತ ತಿರುಗಿದೆ.
ಯಂತ್ರ ಸಾಲುಗಳನ್ನು ತೀಡಿತ್ತು.
ಒಂದು ಹಸಿರಲ್ಲಿ ಶುರು, ಅಂದೆ. ಒಂದು ಕೆಂಪು ಮೂತಿಯದು.
ಇನ್ನೊಂದು, ನಡುನಡುವೆ ನೀಲಿ.

ನೀಲಿಯೇ! ಎಂದ ಅಪ್ಪ, ತುಂಬಾ ಹೊತ್ತು ಸುಮ್ಮನಿದ್ದು.
ಅದನ್ನು ಯಾರಿಗೂ ಕೊಡಬೇಡ ಮತ್ತೆ.